ಮಾತಿಗೆ ಮುಂಚಿನ ಮಾತು

ಪುಟ್ಟಿಗೆ ನಲವತ್ತನಾಲ್ಕು ವರ್ಷ. ಪುಟ್ಟಿ ಎಂದು ಕರೆದವರು ಅವಳ ಅಪ್ಪ ಅಮ್ಮ ಅಲ್ಲ, ನಮ್ಮ ಸ್ಟುಡಿಯೋದವರು. ಫೋನಿನಲ್ಲಿ ಅವಳ ಧ್ವನಿ ಕೇಳಿದ ಯಾರೇ ಆದರೂ "ಮರಿ, ಮನೇಲಿ ದೊಡ್ಡೋರು ಇದ್ರೆ ಕೊಡಮ್ಮ" ಎನ್ನುತ್ತಾರೆ. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತಂತೆ. ಈಗ ಬೇಡದವರು ಫೋನ್ ಮಾಡಿದರೆ "ಯಾರೂ ಇಲ್ಲ ಅಂಕಲ್, ಎಲ್ಲಾ ಹೊರಗೆ ಹೋಗಿದ್ದಾರೆ" ಎಂದು ಇಟ್ಟುಬಿಡುತ್ತಾಳೆ. ತಲೆಯಲ್ಲಿ ಅರ್ಧ ಬೆಳ್ಳಿ, ಮೂಗಿನ ಮೇಲೆ ಓದುವ ಕನ್ನಡಕ. ಗಂಟಲು ಮಾತ್ರ ಹದಿನೇಳಕ್ಕೇ ನಿಂತುಬಿಟ್ಟಿದೆ, ಅದೇ ಅವಳ ಹೊಟ್ಟೆಪಾಡು.

ನಾನು ಅದೇ ಸ್ಟುಡಿಯೋದಲ್ಲಿ ಮಾತು ಬರೆಯುವವಳು. ಹೊರದೇಶದ ಕಾರ್ಟೂನು ಬಂದರೆ, ಅದರಲ್ಲಿನ ಪಾತ್ರ ಎಷ್ಟು ಹೊತ್ತು ತುಟಿ ಆಡಿಸುತ್ತದೋ ಅಷ್ಟೇ ಹೊತ್ತಿನ ಮಾತನ್ನು ನಮ್ಮ ಭಾಷೆಯಲ್ಲಿ ಹೊಂದಿಸಿ ಕೊಡಬೇಕು. ಅದನ್ನು ಪುಟ್ಟಿಯಂಥವರು ಮೈಕಿನ ಮುಂದೆ ಆಡುತ್ತಾರೆ. ನನಗೆ ನಾಲಿಗೆ ಉದ್ದ ಎಂದು ಎಲ್ಲರೂ ಹೇಳುತ್ತಾರೆ, ನಾನು ಇಲ್ಲ ಎನ್ನುವುದಿಲ್ಲ. ಪುಟ್ಟಿಯ ವಿಷಯಕ್ಕೆ ಬಂದರೆ ಅದು ಇನ್ನಷ್ಟು ಉದ್ದವಾಗುತ್ತದೆ. ಅವಳನ್ನು ನೆನೆದರೆ ಸಿಟ್ಟು ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ, ಎರಡೂ ಒಟ್ಟಿಗೆ.

ಅವಳು ಇರುವುದು ತಮ್ಮನ ಮನೆಯಲ್ಲಿ. ಅಡುಗೆಮನೆಯ ಹಿಂದೆ ಒಂದು ಕೋಣೆ. ಅದರಲ್ಲಿ ಅವಳ ಮಂಚ, ಅಮ್ಮನ ಹೊಲಿಗೆ ಯಂತ್ರ, ಉಳಿದ ಜಾಗದಲ್ಲೆಲ್ಲ ಮನೆಯವರು ಬಿಸಾಡಲಾರದೆ ಇಟ್ಟ ಸಾಮಾನು. ಅಮ್ಮ ಹಾಸಿಗೆ ಹಿಡಿದಿದ್ದ ಅಷ್ಟೂ ವರ್ಷ ಪುಟ್ಟಿಯೇ ನೋಡಿಕೊಂಡಳು. ಆ ವರ್ಷಗಳಲ್ಲಿ ಸಂಬಂಧಗಳು ಬಂದವು, ಅಮ್ಮನನ್ನು ಬಿಟ್ಟು ಹೇಗೆ ಬರಲಿ ಎಂದಳು, ಬಂದವರು ಹಾಗೇ ಹೋದರು. ಅಮ್ಮ ತೀರಿಕೊಂಡಾಗ ಕೇಳುವವರೂ ನಿಂತುಹೋಗಿದ್ದರು. ತಮ್ಮ ಕೆಟ್ಟವನಲ್ಲ. ಅವನ ಹೆಂಡತಿಯೂ ಒಂದು ದಿನವೂ ಏರುದನಿಯಲ್ಲಿ ಮಾತಾಡಿದವಳಲ್ಲ. ಆ ಮನೆಯಲ್ಲಿ ಪುಟ್ಟಿಗೆ ಯಾರೂ ಏನೂ ಅನ್ನುವುದಿಲ್ಲ ಅಂದರೆ, ನಿಜವಾಗಿಯೂ ಏನೂ ಅನ್ನುವುದಿಲ್ಲ. ತಟ್ಟೆಗೆ ಮುಚ್ಚಳ ಮುಚ್ಚಿ ಇಟ್ಟಿರುತ್ತಾರೆ, ಅವಳು ಬಂದು ತಿಂದು ತೊಳೆದಿಡುತ್ತಾಳೆ. ಸಂಜೆ ಮುಂದಿನ ಹಾಲ್‌ನಲ್ಲಿ ತಮ್ಮನ ಮಕ್ಕಳು ಟಿವಿ ಮುಂದೆ ಕೂತು ಅವಳದೇ ಧ್ವನಿಗೆ ನಗುತ್ತಾರೆ, ಕಣ್ಣೀರೂ ಹಾಕುತ್ತಾರೆ. "ಆ ಮನೇಲಿ ನನ್ನ ಧ್ವನಿಗೆ ಹಾಲ್, ನಂಗೆ ಹಿಂದಿನ ಕೋಣೆ" ಎಂದು ಒಮ್ಮೆ ನಗುತ್ತಾ ಹೇಳಿದ್ದಳು. ನನಗೆ ನಗು ಬರಲಿಲ್ಲ.

ಆ ವರ್ಷ ನಮ್ಮ ಕೈಗೆ ಬಂದದ್ದು ಒಂದು ಮಾಂಗಾದಿಂದ ಮಾಡಿದ ಧಾರಾವಾಹಿ. ಮಾಂಗಾ ಅಂದರೆ ಜಪಾನಿನ ಚಿತ್ರಕಥೆಯ ಪುಸ್ತಕ, ಹಿಂದಿನ ಪುಟದಿಂದ ಮುಂದಕ್ಕೆ ಓದಬೇಕು. ಅದರ ನಾಯಕಿಗೆ ಹದಿನೇಳು ವರ್ಷ, ಹಿಂದೆ ಮುಂದೆ ಇಬ್ಬರು ಹುಡುಗರು. ಒಬ್ಬ ಪಕ್ಕದ ಮನೆಯವನು, ಅವಳ ಸೈಕಲ್ಲಿನ ಚೈನು ಕಳಚಿದರೆ ಹಾಕಿಕೊಡುತ್ತಾನೆ, ಬಾಯಿ ಮಾತ್ರ ಬಿಡುವುದಿಲ್ಲ. ಇನ್ನೊಬ್ಬ ಶಾಲೆಗೆ ಹೊಸದಾಗಿ ಸೇರಿದವನು, ಮಾತಿನಲ್ಲೇ ಮಂಟಪ ಕಟ್ಟುವವನು. ಹುಡುಗಿಗೆ ಇಬ್ಬರೂ ಬೇಕು, ಇಬ್ಬರನ್ನೂ ನೋಯಿಸುವುದು ಬೇಡ. ಪುಸ್ತಕದಲ್ಲಿ ಅವಳ ಮುಖದ ಪಕ್ಕದ ಮಾತಿನ ಬಲೂನಿನಲ್ಲಿ ಎಷ್ಟೋ ಸಲ ಮಾತೇ ಇಲ್ಲ, ಬರೀ ಚುಕ್ಕಿಗಳು. ಇವನು ಕಂಡರೂ ಚುಕ್ಕಿ, ಅವನು ಕಂಡರೂ ಚುಕ್ಕಿ. ಅಲ್ಲೆಲ್ಲ ನಾನು 'ಉಸಿರು' ಎಂದು ಬರೆದುಕೊಡುತ್ತಿದ್ದೆ. ಪುಟ್ಟಿ ಪಕ್ಕದ ಮನೆಯವನಿಗೆ ಉಸಿರು ಬಿಡುತ್ತಿದ್ದಳು, ಹೊಸಬನಿಗೆ ಉಸಿರು ಎಳೆದು ಹಿಡಿಯುತ್ತಿದ್ದಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನಗೆ ಆ ಹುಡುಗಿಯನ್ನು ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಒಬ್ಬನ ಕೈ ಹಿಡಿದು ಹೋಗು ತಾಯಿ, ನನ್ನ ಪುಟ ಉಳಿಯುತ್ತದೆ ಎಂದು ಬೈದುಕೊಳ್ಳುತ್ತಿದ್ದೆ. ಪುಟ್ಟಿ ಅವಳ ಪರ ವಹಿಸಿ ಮಾತಾಡುತ್ತಿದ್ದಳು.

"ಹಾಗಲ್ಲಕ್ಕಾ, ಒಬ್ಬ ಎದುರಿಗಿದ್ರೆ ಇನ್ನೊಬ್ಬ ನೆನಪಾಗ್ತಾನೆ. ಇವನ ಹತ್ರ ನಕ್ರೆ ಅವನಿಗೆ ಮೋಸ, ಅವನ ಹತ್ರ ನಕ್ರೆ ಇವನಿಗೆ. ಪಾಪ, ಅವಳಿಗೆ ಒಬ್ಳೇ ಇದ್ದಾಗ್ಲೂ ನಗೋಕಾಗಲ್ಲ."

ನಿನಗೆ ಹೇಗೆ ಗೊತ್ತು ಇದೆಲ್ಲ ಎಂದು ಕೆಣಕಿದೆ. ಕನ್ನಡಕ ತೆಗೆದು ಒರೆಸಿದಳು. ಅಷ್ಟು ಹೊತ್ತಿಗಾಗಲೇ ಅವಳ ಕಥೆ ಶುರುವಾಗಿತ್ತು ಎಂದು ನನಗೆ ತಿಳಿದದ್ದು ಎಷ್ಟೋ ದಿನ ಕಳೆದ ಮೇಲೆ.

ನಮ್ಮ ಕೆಲಸದ ರೀತಿ ಸ್ವಲ್ಪ ಹೇಳಬೇಕು. ತೆರೆಯ ಮೇಲೆ ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಿ ಮಾತಾಡುತ್ತಾರೆ, ಆದರೆ ಅವರಿಗೆ ಧ್ವನಿ ಕೊಡುವವರು ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ಸದ್ದಾಗದ ಹಾಗೆ ಮೆತ್ತೆ ಬಡಿದ ಸಣ್ಣ ಕೋಣೆ, ಅದರಲ್ಲಿ ಒಂದು ಮೈಕು, ಒಬ್ಬರೇ ನಿಂತು ತಮ್ಮ ಪಾಲಿನದನ್ನು ಆಡಿ ಹೋಗುತ್ತಾರೆ. ಗಾಜಿನ ಆಚೆ ಯಂತ್ರದ ಮುಂದೆ ಸೌಂಡ್ ಸಾರ್ ಕೂತಿರುತ್ತಾರೆ. ಮೊದಲು ಬಂದವರು ಆಡಿದ್ದು ಆಮೇಲೆ ಬಂದವರ ಹೆಡ್‌ಫೋನಿಗೆ ಹೋಗುತ್ತದೆ, ಅದನ್ನು ಕೇಳಿಸಿಕೊಂಡು ಅವರು ತಮ್ಮ ಉತ್ತರ ಆಡಬೇಕು. ಆ ಹೊತ್ತಿನಲ್ಲಿ ಸೌಂಡ್ ಸಾರಿಗೆ ಕೇಳುವುದು ಮೈಕಿನ ಮುಂದೆ ಇರುವವರ ಧ್ವನಿ ಮಾತ್ರ.

ಮಾತಿನ ಮಂಟಪದ ಹುಡುಗನಿಗೆ ಧ್ವನಿ ಕೊಡುತ್ತಿದ್ದವನನ್ನು ನಾವು ಕಂಚು ಎನ್ನುತ್ತಿದ್ದೆವು. ಕಂಚಿನ ಕಂಠ ಅವನದು. ಬೆಳಿಗ್ಗೆ ಬಂದು ಮುಗಿಸಿ ಬೇರೆ ಕೆಲಸಕ್ಕೆ ಓಡುತ್ತಿದ್ದ. ಪುಟ್ಟಿ ಬರುತ್ತಿದ್ದದ್ದು ಮಧ್ಯಾಹ್ನ. ಅವಳು ಅವನನ್ನು ಕಣ್ಣಿಂದ ನೋಡಿರಲಿಲ್ಲ. ಸಾಮಾನ್ಯವಾಗಿ ಮಾತು ಶುರುವಾಗುವ ಮುಂಚಿನ ಕೆಮ್ಮು, ಕುರ್ಚಿ ಸದ್ದು, ಹಾಳುಮೂಳು ಎಲ್ಲವನ್ನೂ ಸೌಂಡ್ ಸಾರ್ ಕತ್ತರಿಸಿ ತೆಗೆಯುತ್ತಾರೆ. ಈ ಸಲ ಕೆಲಸ ತಲೆಯ ಮೇಲೆ ಬಿದ್ದಿದ್ದರಿಂದ ಕತ್ತರಿಸುವುದನ್ನೆಲ್ಲ ಪ್ರತಿ ಕಂತಿನ ಕೊನೆಗೆ ಒಟ್ಟಿಗೆ ಮಾಡೋಣವೆಂದು ಬಿಟ್ಟಿದ್ದರು.

ಹಾಗಾಗಿ ಒಂದು ಮಧ್ಯಾಹ್ನ ಪುಟ್ಟಿಯ ಕಿವಿಯಲ್ಲಿ, ಹುಡುಗನ ಮಾತಿಗೆ ಮುಂಚೆ, ಕಂಚಿನ ಧ್ವನಿ ಮೆಲ್ಲಗೆ ಕೇಳಿತು: "ತಿಂಡಿ ಆಯ್ತಾ?"

ಅದಾದ ಎರಡು ಮೂರು ದಿನಕ್ಕೆ "ಬೆನ್ನು ನೋವು ಹೇಗಿದೆ?" ಇನ್ನೊಂದು ದಿನ "ಇಷ್ಟು ದುಡೀಬೇಡಿ, ನಿಮ್ಮನ್ನ ನೀವೂ ಸ್ವಲ್ಪ ನೋಡ್ಕೊಳ್ಳಿ."

ಈ ಕಸುಬಿನಲ್ಲಿ ಇರುವವರಿಗೆಲ್ಲ ಗೊತ್ತು, ಹಾಗೆ ಉಳಿದ ಮಾತು ಲೋಕಕ್ಕೆ ಕೇಳುವುದಿಲ್ಲ, ಮುಂದೆ ಮೈಕಿಗೆ ಬರುವವರ ಕಿವಿಗೆ ಮಾತ್ರ. ಮುಂದೆ ಮೈಕಿಗೆ ಬರುವವಳು ಪುಟ್ಟಿಯೇ. ನಿಂತು ನಿಂತು ಅವಳಿಗೆ ಬೆನ್ನು ನೋವು ಇದ್ದದ್ದೂ ನಿಜ. ಬೇರೆ ಯಾರೇ ಆದರೂ ಇದನ್ನು ಕಿವಿಯ ಮೇಲೆ ಹಾಕಿಕೊಳ್ಳದೆ ಬಿಡುತ್ತಿದ್ದರೇನೋ. ಆದರೆ ಮುಚ್ಚಳ ಮುಚ್ಚಿದ ತಟ್ಟೆಯ ಊಟ ಮಾಡುವವಳಿಗೆ, ತಿಂಡಿ ಆಯ್ತಾ ಎಂದು ಒಬ್ಬರು ಕೇಳುವುದು ಸಣ್ಣ ವಿಷಯವಲ್ಲ. ಮಧ್ಯಾಹ್ನ ಯಾಕೆ ತಿಂಡಿ ಕೇಳುತ್ತಾನೆ ಎನ್ನುವುದಕ್ಕೂ ಅವಳೇ ಸಮಾಧಾನ ಹೇಳಿಕೊಂಡಳು. ಬೆಳಿಗ್ಗೆ ಬಿಟ್ಟು ಹೋದ ಮಾತಲ್ಲವೇ, ಅವನ ಗಡಿಯಾರದಲ್ಲಿ ಅದು ತಿಂಡಿಯ ಹೊತ್ತು.

ಅವಳೂ ಉತ್ತರ ಬಿಡತೊಡಗಿದಳು. ತನ್ನ ಮಾತು ಶುರುವಾಗುವ ಮುಂಚೆ, ಮೈಕಿನ ಹತ್ತಿರ ಬಾಗಿ, "ನಂದಾಯ್ತು, ನಿಮ್ದು?" ಎನ್ನುತ್ತಿದ್ದಳು. ಇನ್ನೊಂದು ದಿನ "ಈಗ ಪರವಾಗಿಲ್ಲ, ನಿಮ್ಮ ಬೆನ್ನು ಹೇಗಿದೆ?" ಮಾರನೆಯ ಬೆಳಿಗ್ಗೆ ಅವನ ಕಿವಿಗೆ ಹೋಗುತ್ತದೆ ಎಂದು ಅವಳ ಲೆಕ್ಕ. ಒಮ್ಮೆ "ತಣ್ಣೀರು ಕುಡೀಬೇಡಿ, ಒಳ್ಳೇದಲ್ಲ" ಎಂದಳು. ಕೆಲವು ದಿನ ಬಿಟ್ಟು ಕಂಚಿನ ಧ್ವನಿ ನಗುತ್ತಾ ಕೇಳಿತು: "ಏನು, ತಣ್ಣೀರು ಬಿಟ್ಟೇ ಬಿಟ್ರಾ? ಭೇಷ್." ಹೇಳಿದವಳು ತಾನೂ ಬಿಟ್ಟಿದ್ದಾಳೋ ಇಲ್ಲವೋ ಎಂದು ಅವನು ಕೆಣಕುತ್ತಿದ್ದಾನೆ ಎಂದುಕೊಂಡಳು. ಆಮೇಲೆ ಅವಳಿಗೆ ಸಂಶಯವೇ ಉಳಿಯಲಿಲ್ಲ.

ಗಾಜಿನ ಆಚೆ ಸೌಂಡ್ ಸಾರ್ ಅವಳ ಪ್ರತಿ ಮಾತಿಗೂ ತಲೆ ಎತ್ತಿ ನೋಡಿ, ತಲೆ ಆಡಿಸುತ್ತಿದ್ದರು. ಶುರು ಮಾಡಿ ಎನ್ನುತ್ತಿದ್ದಾರೆ ಎಂದು ಅವಳು ಶುರು ಮಾಡುತ್ತಿದ್ದಳು.

ಸೌಂಡ್ ಸಾರಿಗೆ ಐವತ್ತು ದಾಟಿದೆ. ಹೆಂಡತಿ ಹೋಗಿ ಬಹಳ ವರ್ಷವಾಯಿತು. ನಾನು ಕಂಡಂತೆ ಅವರ ಬಾಯಲ್ಲಿ ಬರುತ್ತಿದ್ದದ್ದು 'ರೆಡಿ', 'ಇನ್ನೊಂದು', 'ಸರಿ ಇದೆ', ಇಷ್ಟೇ. ಅಂಥವರು ಒಂದು ಮಧ್ಯಾಹ್ನ, ಕೆಲಸ ಮುಗಿದ ಮೇಲೆ, ಯಂತ್ರದ ಮುಂದಿನಿಂದ ಎದ್ದು ಬಂದು ಮೈಕಿನ ಕೋಣೆಯ ಭಾರದ ಬಾಗಿಲು ತೆಗೆದರು. ಕಂಪನಿಯವರು ಬೇರೆ ಊರಲ್ಲಿ ಸ್ಟುಡಿಯೋ ತೆರೆಯುತ್ತಿದ್ದಾರೆ, ಈ ಧಾರಾವಾಹಿ ಮುಗಿದ ಕೂಡಲೇ ತಾನು ಅಲ್ಲಿಗೆ ಹೋಗಬೇಕು ಎಂದರು. ಆಮೇಲೆ ಬಾಗಿಲ ಹಿಡಿ ಬಿಡದೆಯೇ ಕೇಳಿದರು.

"ನೀವೂ ಬರ್ತೀರಾ? ಕೆಲಸಕ್ಕೆ ಅಂತಲ್ಲ, ಮದುವೆ ಮಾಡ್ಕೊಂಡು. ದಿನಾ ನೀವು ಕೇಳ್ತೀರಲ್ಲ, ಊಟ ಆಯ್ತಾ, ಬೆನ್ನು ಹೇಗಿದೆ ಅಂತ. ಹಾಗೆ ನನ್ನನ್ನ ಕೇಳೋರು ಇಲ್ದೆ ಬಹಳ ವರ್ಷ ಆಗಿತ್ತು."

ಪುಟ್ಟಿ ಧಾರಾವಾಹಿ ಮುಗಿಯುವಷ್ಟರಲ್ಲಿ ಹೇಳುತ್ತೇನೆ ಎಂದಷ್ಟೇ ಹೇಳಿ, ಬಂದು ಸ್ಟುಡಿಯೋದ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು, ಎಲ್ಲವನ್ನೂ ನನ್ನ ಮುಂದೆ ಬಿಚ್ಚಿದಳು. ನಾನು ಚಹಾ ಕುಡಿಯುವುದನ್ನೇ ಮರೆತೆ. ಎದುರಿಗೆ ಇರುವವರನ್ನು ಬಿಟ್ಟು ಕಿವಿಯಲ್ಲಿ ಇರುವವನನ್ನು ಕಟ್ಟಿಕೊಳ್ಳುತ್ತೀಯಾ, ಬುದ್ಧಿ ಇದೆಯಾ ನಿನಗೆ ಎಂದು ಬೈದೆ. ಅವಳು ಬೈಸಿಕೊಂಡಳು. ಅವಳ ಸಂಕಟ ನನಗೆ ಅರ್ಥವಾಗದೆ ಇರಲಿಲ್ಲ. ಸೌಂಡ್ ಸಾರಿಗೆ ಹೂಂ ಎಂದರೆ, ಯಾರೋ ಒಬ್ಬ ದಿನಾ ಬೆಳಿಗ್ಗೆ ತನ್ನನ್ನು ಕೇಳಿ ಉತ್ತರಕ್ಕೆ ಕಾಯುತ್ತಾನೆ, ಅವನಿಗೆ ಮೋಸ. ಇಲ್ಲ ಎಂದರೆ, ತಾನು ಬೇರೆಯವರಿಗೆ ಕೊಟ್ಟದ್ದನ್ನು ತನ್ನದೆಂದು ಜೋಪಾನ ಮಾಡಿಕೊಂಡ ಮನುಷ್ಯ ಒಬ್ಬನೇ ಪರಊರಿಗೆ ಹೋಗುತ್ತಾನೆ.

ಅದೇ ವಾರ ಟಿವಿಯಲ್ಲಿ ಒಂದು ಕಂತು ಬಂತು. ಮಾಂಗಾದ ಹುಡುಗಿ ಕಿಟಕಿಗೆ ಹಣೆ ಒತ್ತಿಕೊಂಡು "ನನ್ನ ಮನಸ್ಸು ನಂಗೇ ಗೊತ್ತಾಗ್ತಿಲ್ಲ" ಎನ್ನುತ್ತಾಳೆ. ನಾನೇ ಬರೆದದ್ದು, ಒಂದು ಗುಟುಕು ಚಹಾ ಕುಡಿಯುವಷ್ಟರಲ್ಲಿ ಬರೆದದ್ದು. ಪುಟ್ಟಿ ಹಿಂದಿನ ಕೋಣೆಯಲ್ಲಿ ಮಲಗಿದ್ದಳು. ಹಾಲ್‌ನಿಂದ ತನ್ನದೇ ಗಂಟಲು ಅದನ್ನು ಹೇಳಿತು, ಮಕ್ಕಳು ಅಯ್ಯೋ ಪಾಪ ಎಂದವು. ಎದ್ದು ಹೋಗಿ, ನಂಗೂ ಹಾಗೇ ಆಗ್ತಿದೆ ಎಂದು ಅವರ ನಡುವೆ ಕೂರೋಣ ಅನ್ನಿಸಿತಂತೆ. ಕೂರಲಿಲ್ಲ, ಆ ಮನೆಯಲ್ಲಿ ಅವಳು ಹಾಗೆಲ್ಲ ಕೂರುವವಳಲ್ಲ.

ಕೊನೆಗೆ ಕಂಚುವನ್ನು ಕಣ್ಣಾರೆ ನೋಡಿ ಕೇಳಿಬಿಡುವುದೆಂದು ನಿಶ್ಚಯಿಸಿ, ಒಂದು ಬೆಳಿಗ್ಗೆ ಒಳ್ಳೆಯ ಬಟ್ಟೆ ಉಟ್ಟು ಸ್ಟುಡಿಯೋಗೆ ಬಂದಳು. ಯಂತ್ರದ ಕೋಣೆಯ ಹೊರಗೆ ಬೆಂಚು ಇದೆ. ಎಸಿ ಕೆಟ್ಟಿದ್ದರಿಂದ ಬಾಗಿಲು ಅರ್ಧ ತೆರೆದಿತ್ತು. ಅವಳು ಕೂತ ಸ್ವಲ್ಪ ಹೊತ್ತಿಗೆ ಒಳಗಿನ ಸ್ಪೀಕರಿನಿಂದ ಕಂಚಿನ ಧ್ವನಿ ಬಂತು. "ಸಾರ್, ತಿಂಡಿ ಆಯ್ತಾ? ಬೆನ್ನು ನೋವು ಹೇಗಿದೆ ಇವತ್ತು?" ಸೌಂಡ್ ಸಾರ್, ಮೈಕಿನ ಕೋಣೆಯವರ ಕಿವಿಗೆ ಮಾತ್ರ ಹೋಗುವ ಬಟನ್ ಒತ್ತಿ, ಪರವಾಗಿಲ್ಲಪ್ಪ, ಬಿಸಿನೀರು ಕುಡಿಯೋಕೆ ಶುರು ಮಾಡಿದ ಮೇಲೆ ಎಷ್ಟೋ ವಾಸಿ ಎಂದರು. ಇಬ್ಬರೂ ನಕ್ಕರು. ಆಮೇಲೆ ಮಾಂಗಾದ ಹುಡುಗ ತನ್ನ ಮಂಟಪ ಕಟ್ಟಲು ಶುರು ಮಾಡಿದ.

ಪುಟ್ಟಿ ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಕೆಲಸ ಮುಗಿಸಿ ಕಂಚು ಹೊರಗೆ ಬಂದ. ಅಷ್ಟು ದೊಡ್ಡ ಧ್ವನಿಗೆ ಅಷ್ಟು ಸಣ್ಣ ದೇಹ, ಕೈಯಲ್ಲಿ ಹೆಲ್ಮೆಟ್ಟು, ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗ. ಬೆಂಚಿನ ಮೇಲೆ ಕೂತಿದ್ದವಳನ್ನು ನೋಡಿ ಮರ್ಯಾದೆಯಿಂದ ನಕ್ಕ.

"ಮಗಳನ್ನ ಕರ್ಕೊಂಡು ಬಂದ್ರಾ ಮೇಡಮ್, ರೆಕಾರ್ಡಿಂಗಿಗೆ?"

ಪುಟ್ಟಿ ತನ್ನ ಧ್ವನಿ ಗುರುತು ಸಿಗದ ಹಾಗೆ ತಗ್ಗಿಸಿ, ಹೌದು ಎಂದಳು. ಒಳ್ಳೇದಾಗಲಿ ಎಂದು ಹೇಳಿ ಅವನು ಮೆಟ್ಟಿಲಿಳಿದು ಹೋದ. ಅವನ ತಪ್ಪು ಒಂದಿಷ್ಟೂ ಇಲ್ಲ. ಅದು ನನಗೆ ಇನ್ನೂ ಬೇಜಾರು, ಬೈಯಲು ಒಬ್ಬರಾದರೂ ಇದ್ದಿದ್ದರೆ ಚೆನ್ನಾಗಿತ್ತು.

ಅವಳು ಅಳಲಿಲ್ಲ. ಒಂದೆರಡು ದಿನ ಮುಖದಲ್ಲಿ ಕಳೆ ಇರಲಿಲ್ಲ, ಕೆಲಸ ಮಾತ್ರ ಚೊಕ್ಕವಾಗಿ ಮಾಡಿದಳು. ಆಮೇಲೆ ಒಂದು ಮಧ್ಯಾಹ್ನ ಗಾಜಿನ ಆಚೆ ಯಂತ್ರದ ಪಕ್ಕ ಇದ್ದ ಬಿಸಿನೀರಿನ ಫ್ಲಾಸ್ಕು ಅವಳ ಕಣ್ಣಿಗೆ ಬಿತ್ತು. ಅದು ಅಲ್ಲೇ ಇತ್ತು, ತಿಂಗಳಿನಿಂದ ಇತ್ತು, ಅವಳು ನೋಡಿರಲಿಲ್ಲ. ತಾನು ಹೇಳಿದ ಮಾತನ್ನು ಕೇಳಿದ ಒಬ್ಬರು ಈ ಭೂಮಿಯ ಮೇಲೆ ಇದ್ದರು, ತಣ್ಣೀರು ಬಿಡಿ ಎಂದರೆ ಬಿಟ್ಟರು. ಅವತ್ತು ಮೆಟ್ಟಿಲ ಮೇಲೆ ನನಗೆ ಹೇಳಿದಳು, ಹೂಂ ಅಂತೀನಿ ಅಕ್ಕಾ ಎಂದು. ನನಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಮೊದಲು ನಿಜ ಹೇಳಿಬಿಡುತ್ತೇನೆ ಎಂದಳು, ನನ್ನ ಖುಷಿ ಅಲ್ಲೇ ನಿಂತಿತು.

ಬೇಡ ಎಂದೆ. ಗಂಟಲು ನಿನ್ನದು, ಕೇಳಿಸಿಕೊಂಡ ಕಿವಿ ಅವರದು, ನಡುವೆ ಇದ್ದದ್ದು ಯಾರಿಗೆ ಬೇಕು, ಬಾಯಿ ಮುಚ್ಚಿಕೊಂಡು ಸುಖವಾಗಿರು ಎಂದು ಪರಿಪರಿಯಾಗಿ ಹೇಳಿದೆ.

"ಆಗಲ್ಲಕ್ಕಾ. ಆಮೇಲೆ ಆ ಮನೇಲಿ ಊಟ ಆಯ್ತಾ ಅಂತ ಕೇಳುವಾಗೆಲ್ಲ, ಯಾರನ್ನ ಕೇಳ್ತಿದ್ದೀನಿ ಅಂತ ನಂಗೇ ಗೊತ್ತಾಗಲ್ಲ."

ಕೊನೆಯ ಕಂತಿನ ದಿನ ನಾನೂ ಹೋಗಿದ್ದೆ, ಕೊನೆಯ ದೃಶ್ಯದಲ್ಲಿ ಮಾತು ಹೆಚ್ಚು ಕಡಿಮೆಯಾದರೆ ಅಲ್ಲೇ ತಿದ್ದಬೇಕಾಗುತ್ತದೆ. ನಾನು ಯಂತ್ರದ ಕೋಣೆಯಲ್ಲಿ ಕೂತಿದ್ದೆ. ಒಂದು ಮಾತು ಬಾಕಿ ಇರುವಾಗ ಪುಟ್ಟಿ ಕೈ ಸನ್ನೆ ಮಾಡಿ ಸೌಂಡ್ ಸಾರನ್ನು ಒಳಗೆ ಕರೆದಳು. ಅವರು ಹೋಗಿ ಬಾಗಿಲು ಹಾಕಿಕೊಂಡರು. ಇಪ್ಪತ್ತು ವರ್ಷ ಮೈಕಿನ ಮುಂದೆ ಬದುಕಿದವಳು ಮೈಕು ಚಾಲೂ ಇದೆ ಎಂಬುದನ್ನು ಆ ಹೊತ್ತಿನಲ್ಲಿ ಮರೆತಿದ್ದಳು, ಅವರೂ ಮರೆತಿದ್ದರು. ಒಳಗಿನದೆಲ್ಲ ಸ್ಪೀಕರಿನಲ್ಲಿ ನನ್ನ ಮುಂದೆ ಬಿತ್ತು. ಯಾವ ಬಟನ್ ಒತ್ತಿದರೆ ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಒತ್ತುತ್ತಿರಲಿಲ್ಲ.

ಅವಳು ಮೊದಲಿನಿಂದ ಹೇಳಿದಳು. ತಿಂಡಿ ಆಯ್ತಾ ಎನ್ನುವುದನ್ನು ತನಗೇ ಎಂದುಕೊಂಡದ್ದು, ಮೈಕಿನ ಹತ್ತಿರ ಬಾಗಿ ಉತ್ತರ ಕೊಟ್ಟದ್ದು, ಬೆಂಚಿನ ಮೇಲೆ ಕೂತು ಕೇಳಿಸಿಕೊಂಡದ್ದು, ಯಾವುದನ್ನೂ ಬಿಡಲಿಲ್ಲ. ಗಾಜಿನಲ್ಲಿ ಸೌಂಡ್ ಸಾರಿನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು.

"ಹಾಗಾದ್ರೆ ಒಂದು ದಿನಾನೂ ನನ್ನನ್ನ ಕೇಳಿಲ್ಲ" ಎಂದರು ಅವರು.

"ಇಲ್ಲ" ಎಂದಳು. ಆಮೇಲೆ, "ಇವತ್ತಿಂದ ಕೇಳ್ತೀನಿ. ನಿಮ್ಮನ್ನೇ ಕೇಳ್ತೀನಿ. ನಿಮ್ಮ ಜೊತೆ ಬರ್ತೀನಿ" ಎಂದಳು.

ಸ್ಪೀಕರಿನಲ್ಲಿ ಅವರ ಉಸಿರು ಕೇಳುತ್ತಿತ್ತು. ಹೂಂ ಅನ್ನು ಮನುಷ್ಯ, ಹೂಂ ಅನ್ನು ಎಂದು ನಾನು ಕುರ್ಚಿಯ ಕೈ ಹಿಡಿದುಕೊಂಡಿದ್ದೆ.

"ನೀವು ದಿನಾ ಹದಿನೇಳು ವರ್ಷದ ಹುಡುಗಿ ಹಾಗೆ ಅಳ್ತೀರಿ, ನಾನು ಅಲ್ಲಿ ಕೂತು ದಿನಾ ನಂಬ್ತೀನಿ. ಅದಕ್ಕೆ ಮುಂಚೆ ಊಟ ಆಯ್ತಾ ಅಂತ ಕೇಳೋದೊಂದು ಮಾತ್ರ ನಿಮ್ಮದು, ಅದಷ್ಟೂ ನನಗೇ ಅಂತ ಅಂದ್ಕೊಂಡಿದ್ದೆ. ಈಗ ನೀವು ಬರ್ತೀನಿ ಅಂದ್ರೂ, ಪಾಪ ಅಂತ ಅಂದ್ರೋ, ಬೇಕು ಅಂತ ಅಂದ್ರೋ, ನಂಗೆ ಗೊತ್ತಾಗ್ತಿಲ್ಲ."

ಬೇಕು ಅಂತಲೇ ಹೇಳಿದ್ದು ಎಂದು ಪುಟ್ಟಿ ಹೇಳಿದಳು. ಎಷ್ಟು ಚೆನ್ನಾಗಿ ಹೇಳಿದಳೆಂದರೆ, ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಚೆನ್ನಾಗಿ ಹೇಳಿದ್ದೇ ತಪ್ಪಾಯಿತೋ ಏನೋ. ಸೌಂಡ್ ಸಾರ್, ಒಂದು ಮಾತು ಬಾಕಿ ಇದೆ, ಮುಗಿಸಿಬಿಡೋಣ ಎಂದು ಹೊರಗೆ ಬಂದು ನನ್ನ ಪಕ್ಕ ಕೂತರು. ಚಾಲೂ ಇದ್ದ ಸ್ಪೀಕರು ನೋಡಿದರು, ನನ್ನನ್ನು ನೋಡಿದರು.

ಬಾಕಿ ಇದ್ದದ್ದು ಮಾಂಗಾದ ಕೊನೆಯ ಪುಟ. ಹುಡುಗಿ ಕೊನೆಗೂ ಪಕ್ಕದ ಮನೆಯವನ ಮುಂದೆ ಬಂದು ನಿಲ್ಲುತ್ತಾಳೆ, ಬರ್ತೀಯಾ ಎಂದು ಅವನು ಕೇಳುತ್ತಾನೆ. ಪುಟ್ಟಿ ಹೆಡ್‌ಫೋನು ಹಾಕಿಕೊಂಡು, ಕನ್ನಡಕ ಸರಿ ಮಾಡಿಕೊಂಡು, ತೆರೆಯ ಮೇಲಿನ ತುಟಿಗೆ ಕೂದಲೆಳೆಯಷ್ಟೂ ತಪ್ಪದ ಹಾಗೆ, "ಹೂಂ, ಬರ್ತೀನಿ" ಎಂದಳು.

ಯಾವ ಮಾತು ಎಷ್ಟೇ ಚೆನ್ನಾಗಿ ಬಂದರೂ ಇರಲಿ ಎಂದು ಇನ್ನೊಂದು ಸಲ ಆಡಿಸುವುದು ಅವರ ರೂಢಿ. ಅವತ್ತು ಆಡಿಸಲಿಲ್ಲ. ಬಟನ್ ಒತ್ತಿ, "ಸರಿ ಇದೆ, ಸಾಕು" ಎಂದರು. ಬೆರಳು ಬಟನ್ನಿನ ಮೇಲೆಯೇ ಇತ್ತು. ಗಾಜಿನ ಆಚೆ ಪುಟ್ಟಿ, ಇನ್ನೂ ಏನಾದರೂ ಹೇಳುತ್ತಾರೇನೋ ಎಂದು, ಎರಡೂ ಕೈಯಲ್ಲಿ ಹೆಡ್‌ಫೋನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದಳು.